ಸ್ಲೈಡಿನೊಳಗೆ ವಿಡಿಯೊ: ತರಗತಿಯಲ್ಲಿ ಕೈಕೊಡದಂತೆ ಹಾಕುವುದು ಹೇಗೆ?

(ಶಿಕ್ಷಕರೊಬ್ಬರ ಪ್ರಶ್ನೆ ಮತ್ತು ಅದಕ್ಕೆ ಬಂದ ಉತ್ತರಗಳು. ಪ್ರತಿ ಬರಹದ ಮೇಲಿರುವುದು ಬರೆದವರ ಬಳಕೆಹೆಸರು.)

ಒಂಬತ್ತು ಹತ್ತರ ವಿಜ್ಞಾನ

ಹತ್ತನೇ ತರಗತಿಯ ಮೊದಲ ಪಾಠ, ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು. ಇದಕ್ಕೆ ಸ್ಲೈಡ್ ಸಿದ್ಧವಾಗಿದೆ. ಮೆಗ್ನೀಷಿಯಂ ಪಟ್ಟಿ ಉರಿಯುವ ವಿಡಿಯೊ ಸೇರಿಸಬೇಕು. ಕೈಯಲ್ಲಿರುವುದು ಫೋನಿನಲ್ಲಿ ತೆಗೆದ 4 ನಿಮಿಷ 10 ಸೆಕೆಂಡಿನ ಕಡತ, 480 ಎಂಬಿ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 10, ಪವರ್‌ಪಾಯಿಂಟ್ 2016. ಪ್ರೊಜೆಕ್ಟರ್ ಹಳೆಯದು, 1024×768. ವಿಜಿಎ ಮತ್ತು ಎಚ್‌ಡಿಎಂಐ ಎರಡೂ ಇವೆ. ಸ್ಲೈಡ್ ಮುಂದೂಡುವುದಕ್ಕೆ ಕೈಯಲ್ಲಿ ಹಿಡಿಯುವ ರಿಮೋಟ್.

ಕೇಳಬೇಕಾದದ್ದು ನಾಲ್ಕು. ಎಷ್ಟು ಉದ್ದ ಇಟ್ಟರೆ ಸರಿ? ಪಿಪಿಟಿ ಒಳಗೇ ಸೇರಿಸಬೇಕೋ, ಲಿಂಕ್ ಸಾಕೋ? ರಿಮೋಟಿನಿಂದಲೇ ವಿಡಿಯೊ ಶುರುವಾಗುವಂತೆ ಮಾಡಬಹುದೇ? ವಿಡಿಯೊ ಮೇಲೆ ಕನ್ನಡದಲ್ಲಿ ಭಾಗಗಳ ಹೆಸರು ಬರಿಸುವುದು ಹೇಗೆ?

ಪರದೆಮುಂದೆ

ಮೊದಲು ಒಂದು ಮಾತು: ಆ ಪ್ರಯೋಗವನ್ನು ತರಗತಿಯಲ್ಲಿ ನಿಜವಾಗಿ ಮಾಡಿ ತೋರಿಸಲು ಸಾಧ್ಯವಿದ್ದರೆ ಅದನ್ನೇ ಮಾಡಿ. 3–4 ಸೆಂಟಿಮೀಟರ್ ಪಟ್ಟಿ, ಮರಳು ಕಾಗದ, ಇಕ್ಕಳ, ಸ್ಪಿರಿಟ್ ದೀಪ, ವಾಚ್ ಗ್ಲಾಸ್ ಇದ್ದರೆ ಸಾಕು. ಆದರೂ ವಿಡಿಯೊಗೆ ಕೆಲಸ ಇದ್ದೇ ಇದೆ. ಪಟ್ಟಿ ಉರಿಯುವುದು ಕೆಲವೇ ಸೆಕೆಂಡು. ಬೆಳಕಿಗೆ ಕಣ್ಣು ಕೋರೈಸುತ್ತದೆ, ನೇರವಾಗಿ ನೋಡಲೂ ಬಾರದು. ಹಿಂದಿನ ಬೆಂಚಿನವರಿಗೆ ಕಾಣುವುದು ಒಂದು ಮಿಂಚು ಮಾತ್ರ. ಲೋಹದ ಪಟ್ಟಿ ಇದ್ದ ಜಾಗದಲ್ಲಿ ಬಿಳಿ ಪುಡಿ ಉಳಿಯುತ್ತದಲ್ಲ, ಆ ಬದಲಾವಣೆ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಅದನ್ನು ಎರಡನೇ ಸಲ, ನಿಧಾನವಾಗಿ, ದೊಡ್ಡದಾಗಿ ತೋರಿಸುವುದಕ್ಕೆ ವಿಡಿಯೊ ಬೇಕು.

ಹಾಗೆ ನೋಡಿದರೆ 4 ನಿಮಿಷದಲ್ಲಿ ನಿಮಗೆ ಬೇಕಾದದ್ದು 25 ಸೆಕೆಂಡು. ಉಜ್ಜುವ ಮೊದಲಿನ ಮಂಕು ಪಟ್ಟಿ ಮತ್ತು ಉಜ್ಜಿದ ಮೇಲಿನ ಹೊಳೆಯುವ ಪಟ್ಟಿ, ಎರಡಕ್ಕೂ ಸ್ಥಿರಚಿತ್ರ ಸಾಕು. ಜ್ವಾಲೆಗೆ ಹಿಡಿದ ಕ್ಷಣದಿಂದ ಪುಡಿ ಉದುರುವವರೆಗೆ ಮಾತ್ರ ವಿಡಿಯೊ. ಚಲನೆ ಇಲ್ಲದ್ದನ್ನು ವಿಡಿಯೊದಲ್ಲಿ ತೋರಿಸಿದರೆ ಮಕ್ಕಳು "ಏನೋ ಆಗುತ್ತದೆ" ಎಂದು ಕಾಯುತ್ತಾರೆ. ಏನೂ ಆಗದಿದ್ದರೆ ಗಮನ ಜಾರುತ್ತದೆ, ಆಮೇಲೆ ಮುಖ್ಯವಾದದ್ದು ಬಂದಾಗ ಅರ್ಧ ತರಗತಿ ಬೇರೆಲ್ಲೋ ಇರುತ್ತದೆ.

ಜೋಡಿಸುವ ಕ್ರಮ ಹೀಗಿರಲಿ. ಮೂರು ಸ್ಲೈಡ್. ಮೊದಲನೆಯದರಲ್ಲಿ ವಿಡಿಯೊದ ಮೊದಲ ಚೌಕಟ್ಟಿನ ಸ್ಥಿರಚಿತ್ರ, ಪರದೆ ತುಂಬ. ಇಲ್ಲಿ ನಿಂತು ಪ್ರಶ್ನೆ ಕೇಳಿ: "ಉರಿದ ಮೇಲೆ ಏನು ಉಳಿಯುತ್ತದೆ? ಬಣ್ಣ ಯಾವುದು?" ಉತ್ತರಗಳನ್ನು ಬೋರ್ಡಿನ ಮೇಲೆ ಬರೆಯಿರಿ. ಎರಡನೆಯದರಲ್ಲಿ ಅದೇ ಅಳತೆಯಲ್ಲಿ, ಅದೇ ಜಾಗದಲ್ಲಿ ವಿಡಿಯೊ. ಮೂರನೆಯದರಲ್ಲಿ ಕೊನೆಯ ಚೌಕಟ್ಟಿನ ಸ್ಥಿರಚಿತ್ರ, ಅದರ ಮೇಲೆಯೇ ಒಂದು ಬದಿಗೆ ಸಮೀಕರಣ. ಮೂರೂ ಒಂದೇ ಜಾಗದಲ್ಲಿ ಕೂತಿರುವುದರಿಂದ ಚಿತ್ರವೇ ಜೀವ ಪಡೆದು ಚಲಿಸಿ ನಿಂತಂತೆ ಕಾಣುತ್ತದೆ. ಮೂರನೇ ಸ್ಲೈಡಿನಲ್ಲಿ ನೀವು ಹತ್ತು ನಿಮಿಷ ಮಾತಾಡಿದರೂ ತೊಂದರೆಯಿಲ್ಲ.

ಸ್ಥಿರಚಿತ್ರ ತೆಗೆಯಲು ವಿಎಲ್‌ಸಿ ಪ್ಲೇಯರಿನಲ್ಲಿ ವಿಡಿಯೊ ನಿಲ್ಲಿಸಿ ಶಿಫ್ಟ್ ಮತ್ತು ಎಸ್ ಒತ್ತಿ. ವಿಡಿಯೊದ ಪೂರ್ಣ ಅಳತೆಯ ಚಿತ್ರವೇ ಸಿಗುತ್ತದೆ. ಪರದೆಯ ಸ್ಕ್ರೀನ್‌ಶಾಟ್ ತೆಗೆದರೆ ಅಂಚು ಒಂದೆರಡು ಪಿಕ್ಸೆಲ್ ಆಚೀಚೆಯಾಗಿ, ಸ್ಲೈಡ್ ಬದಲಾದಾಗ ಚಿತ್ರ ಹಾರಿದಂತೆ ಕಾಣುತ್ತದೆ.

ಕಡತಕಟ್ಟು

480 ಎಂಬಿಯನ್ನು ಹಾಗೇ ಸೇರಿಸಬೇಡಿ. ಲೆಕ್ಕ ಸರಳ: ಬಿಟ್‌ರೇಟನ್ನು (ಸೆಕೆಂಡಿಗೆ ಎಷ್ಟು ಮೆಗಾಬಿಟ್, ಅಂದರೆ ಎಂಬಿಪಿಎಸ್) ಸೆಕೆಂಡಿನಿಂದ ಗುಣಿಸಿ 8ರಿಂದ ಭಾಗಿಸಿ. 5 ಎಂಬಿಪಿಎಸ್ ವಿಡಿಯೊ ನಿಮಿಷಕ್ಕೆ 37.5 ಎಂಬಿ, 2 ಎಂಬಿಪಿಎಸ್ ಆದರೆ 15 ಎಂಬಿ. ನಿಮ್ಮ 25 ಸೆಕೆಂಡು 2 ಎಂಬಿಪಿಎಸ್‌ನಲ್ಲಿ 6 ಎಂಬಿ ಚಿಲ್ಲರೆ. ನಿಮ್ಮ ಪ್ರೊಜೆಕ್ಟರಿನ ಅಗಲವೇ 1024 ಪಿಕ್ಸೆಲ್, 16:9 ಚಿತ್ರಕ್ಕೆ ಅದರಲ್ಲಿ ಸಿಗುವುದು 1024×576. 1080 ಆಗಲಿ, 4ಕೆ ಆಗಲಿ, ಅಲ್ಲಿಗೆ ಹೋಗುವಷ್ಟರಲ್ಲಿ ಇಳಿದೇ ಇಳಿಯುತ್ತದೆ. 720, ಅಂದರೆ 1280×720, ಧಾರಾಳ.

ಮೊದಲು ವಿಎಲ್‌ಸಿಯಲ್ಲಿ ತೆರೆದು ಕಂಟ್ರೋಲ್ ಮತ್ತು ಜೆ ಒತ್ತಿ, ಕೋಡೆಕ್, ಅಂದರೆ ವಿಡಿಯೊವನ್ನು ಹಿಂಡಿ ಉಳಿಸಿರುವ ಬಗೆ ಯಾವುದು, ನೋಡಿ. ಎಚ್.264 ಇದ್ದರೆ ಸರಿ. ಎಚ್.265 ಅಥವಾ ಎಚ್‌ಇವಿಸಿ ಎಂದಿದ್ದರೆ ಅದೇ ತಕರಾರಿನ ಮೂಲ. 2017ರ ಐಒಎಸ್ 11ರಿಂದ ಐಫೋನ್‌ಗಳು ಈ ಬಗೆಯಲ್ಲಿ ತೆಗೆಯುತ್ತವೆ, ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲೂ ಆಯ್ಕೆ ಇದೆ. ವಿಂಡೋಸ್‌ನಲ್ಲಿ ಅದಕ್ಕೆ ಬೇಕಾದ ಎಕ್ಸ್‌ಟೆನ್ಶನ್ ಇಲ್ಲದಿದ್ದರೆ ಪವರ್‌ಪಾಯಿಂಟ್ ಬರೀ ಧ್ವನಿ ಕೇಳಿಸಿ ಚಿತ್ರದ ಜಾಗದಲ್ಲಿ ಕಪ್ಪು ತೋರಿಸುತ್ತದೆ, ಇಲ್ಲವೇ ಸೇರಿಸಲು ಬಿಡುವುದೇ ಇಲ್ಲ. ವಿಎಲ್‌ಸಿಯಲ್ಲಿ ಓಡಿತು ಎಂದು ನಂಬಬೇಡಿ. ಅದು ತನ್ನ ಕೋಡೆಕ್‌ಗಳನ್ನು ತಾನೇ ತಂದಿರುತ್ತದೆ, ಪವರ್‌ಪಾಯಿಂಟ್ ವಿಂಡೋಸನ್ನು ನೆಚ್ಚಿಕೊಂಡಿರುತ್ತದೆ.

ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಕತ್ತರಿಸುವುದು, ಇಳಿಸುವುದು, ಬದಲಿಸುವುದು ಮೂರೂ ಒಂದೇ ಏಟಿಗೆ ಆಗುತ್ತದೆ:

ಕಡತ ತೆರೆದು ಪ್ರೀಸೆಟ್‌ನಲ್ಲಿ ಫಾಸ್ಟ್ 720ಪಿ30 ಆರಿಸಿ. ಮೇಲ್ಗಡೆ ರೇಂಜ್ ಅನ್ನು ಸೆಕೆಂಡ್ಸ್‌ಗೆ ಬದಲಿಸಿ ಶುರು ಮತ್ತು ಕೊನೆಯ ಸಮಯ ಕೊಡಿ. ವಿಡಿಯೊ ಟ್ಯಾಬಿನಲ್ಲಿ ಎನ್‌ಕೋಡರ್ ಎಚ್.264, ಫ್ರೇಮ್‌ರೇಟ್ 30, ಅದರ ಕೆಳಗೆ ಕಾನ್ಸ್ಟೆಂಟ್ ಫ್ರೇಮ್‌ರೇಟ್. ಕ್ವಾಲಿಟಿ ಆರ್‌ಎಫ್ 22ರ ಆಸುಪಾಸು. ಸಂಖ್ಯೆ ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು, ಕಡತ ದೊಡ್ಡದು. ಧ್ವನಿ ಬೇಡವಾದರೆ ಆಡಿಯೊ ಟ್ಯಾಬಿನಲ್ಲಿ ಟ್ರ್ಯಾಕ್ ತೆಗೆದುಬಿಡಿ, ಬೇಕಿದ್ದರೆ ಎಎಸಿ. ಕೊನೆಗೆ ಎಂಪಿ4 ಆಗಿ ಉಳಿಸಿ.

ಕಾನ್ಸ್ಟೆಂಟ್ ಎನ್ನುವುದನ್ನು ಮರೆಯಬೇಡಿ. ಫೋನ್‌ಗಳು ಬೆಳಕು ಕಡಿಮೆಯಾದಾಗ ಚೌಕಟ್ಟುಗಳ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ. ಹಾಗೆ ಏರಿಳಿಯುವ ಕಡತವನ್ನು ಸ್ಲೈಡಿಗೆ ಹಾಕಿದರೆ ಮೊದಲ ನಿಮಿಷ ಸರಿಯಿದ್ದು ಆಮೇಲೆ ತುಟಿಗೂ ಮಾತಿಗೂ ಹೊಂದಿಕೆ ತಪ್ಪುತ್ತದೆ.

ಸೇರಿಸುವುದೋ ಲಿಂಕೋ ಎಂದರೆ, ಸೇರಿಸಿ. ಪವರ್‌ಪಾಯಿಂಟ್ 2010ರಿಂದ ಅದೇ ರೂಢಿ. ಅದಕ್ಕೂ ಮುಂಚಿನ ಆವೃತ್ತಿಗಳಲ್ಲಿ ವಿಡಿಯೊ ಹೊರಗೇ ಇರುತ್ತಿತ್ತು, ಪಿಪಿಟಿ ಒಂದನ್ನೇ ಪೆನ್‌ಡ್ರೈವಿಗೆ ಹಾಕಿ ತಂದರೆ ಪರದೆಯಲ್ಲಿ ಖಾಲಿ ಚೌಕ. ಒಳಗೆ ಸೇರಿದೆಯೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಲು ಪಿಪಿಟಿಎಕ್ಸ್ ಕಡತದ ನಕಲು ಮಾಡಿ, ಅದರ ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ ತೆರೆಯಿರಿ. ಪಿಪಿಟಿ ಎಂಬ ಫೋಲ್ಡರಿನೊಳಗೆ ಮೀಡಿಯಾ ಎಂಬ ಫೋಲ್ಡರ್ ಇರುತ್ತದೆ, ನಿಮ್ಮ ಎಂಪಿ4 ಅಲ್ಲಿ ಕೂತಿರಬೇಕು. ಬೇರೆ ಯಾರದೋ ಸ್ಲೈಡಿನಿಂದ ವಿಡಿಯೊ ಹೊರತೆಗೆಯುವ ದಾರಿಯೂ ಇದೇ.

ಇನ್ನೊಂದು ವಿಷಯ: ಪವರ್‌ಪಾಯಿಂಟಿನ ಒಳಗಿನ ಟ್ರಿಮ್ ಬಳಸಿ ಚಿಕ್ಕದು ಮಾಡಿದರೆ ಕಡತ ಚಿಕ್ಕದಾಗುವುದಿಲ್ಲ. ಕತ್ತರಿಸಿದ ಭಾಗ ಮರೆಯಲ್ಲಿ ಇದ್ದೇ ಇರುತ್ತದೆ, ಪಿಪಿಟಿ ಸಿಕ್ಕವರು ಅದನ್ನು ನೋಡಲೂ ಬಹುದು. ಮಕ್ಕಳ ಮುಖ ಬಂದ ಭಾಗ ಎಂದು ಟ್ರಿಮ್ ಮಾಡಿ ನಿಶ್ಚಿಂತೆಯಿಂದ ಇರುವವರು ಇದನ್ನು ಗಮನಿಸಬೇಕು. ಹೊರಗೆ ಕತ್ತರಿಸಿ ತಂದರೆ ಈ ಚಿಂತೆಯೇ ಇಲ್ಲ.

ಕಥನಕ್ರಮ

> 4 ನಿಮಿಷದಲ್ಲಿ ನಿಮಗೆ ಬೇಕಾದದ್ದು 25 ಸೆಕೆಂಡು

ಇದನ್ನು ಎಲ್ಲಕ್ಕೂ ಅನ್ವಯಿಸಬೇಡಿ ಎಂದು ವಿನಂತಿ. ಒಂದು ಕ್ರಿಯೆ ತೋರಿಸುವುದಕ್ಕೆ 25 ಸೆಕೆಂಡು ಸರಿ. ಮಡಿಕೆ ಮಾಡುವುದನ್ನೋ, ನೇಯ್ಗೆಯನ್ನೋ, ಯಕ್ಷಗಾನದ ಒಂದು ಪ್ರವೇಶವನ್ನೋ ತೋರಿಸುವಾಗ ಅದರ ಲಯವೇ ವಿಷಯ. ತಿರುಗುವ ಚಕ್ರದ ಮೇಲೆ ಮಣ್ಣು ಏಳುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೋಡಬೇಕು. ತುಂಡು ತುಂಡಾಗಿ ತೋರಿಸಿದರೆ ನೋಡಿದವರಿಗೆ ಕೆಲಸದ ಅಂದಾಜೇ ಸಿಗುವುದಿಲ್ಲ. ಆರು ನಿಮಿಷಕ್ಕಿಂತ ಹೆಚ್ಚು ಯಾರೂ ನೋಡುವುದಿಲ್ಲ ಎಂದು ಸಂಶೋಧನೆ ಹೇಳುತ್ತದೆ ಎನ್ನುತ್ತಾರಲ್ಲ, ಆರು ನಿಮಿಷದವರೆಗೆ ಹೋಗಬಹುದು ಎಂದೇ ಅರ್ಥವಲ್ಲವೇ?

ಪರದೆಮುಂದೆ

ಲಯದ ಮಾತು ಒಪ್ಪಿದೆ. ಯಕ್ಷಗಾನದ ಕುಣಿತವನ್ನು 10 ಸೆಕೆಂಡಿಗೆ ಕತ್ತರಿಸಿದರೆ ತಾಳದ ಆವರ್ತನ ಅರ್ಧಕ್ಕೇ ನಿಂತುಬಿಡಬಹುದು. ಅಲ್ಲಿ ಆವರ್ತನ ಎಲ್ಲಿ ಮುಗಿಯುತ್ತದೋ ಅಲ್ಲೇ ಕತ್ತರಿ ಬೀಳಬೇಕು.

ಆರು ನಿಮಿಷದ ಲೆಕ್ಕ ಮಾತ್ರ ಇಲ್ಲಿಗೆ ಹೊಂದುವುದಿಲ್ಲ. ಅದು 2014ರಲ್ಲಿ ಫಿಲಿಪ್ ಗುವೊ ಮತ್ತು ಸಂಗಡಿಗರು ಎಡ್‌ಎಕ್ಸ್ ಆನ್‌ಲೈನ್ ಕೋರ್ಸುಗಳ 69 ಲಕ್ಷ ವೀಕ್ಷಣೆಗಳನ್ನು ನೋಡಿ ಹೇಳಿದ್ದು. ಅಲ್ಲಿ ವಿದ್ಯಾರ್ಥಿ ಒಬ್ಬನೇ ಕೂತಿದ್ದಾನೆ, ಬೇಕಾದಾಗ ನಿಲ್ಲಿಸುತ್ತಾನೆ, ಹಿಂದಕ್ಕೆ ಎಳೆಯುತ್ತಾನೆ, ಮುಚ್ಚಿ ಹೋಗುತ್ತಾನೆ. ತರಗತಿಯಲ್ಲಿ ಇದಾವುದೂ ಅವನ ಕೈಯಲ್ಲಿಲ್ಲ. ಅರ್ಥವಾಗದ್ದು ಕಣ್ಣೆದುರೇ ಹರಿದುಹೋಗುತ್ತದೆ, ಹಿಡಿದು ನಿಲ್ಲಿಸುವ ಹಕ್ಕು ಇರುವುದು ಶಿಕ್ಷಕರಿಗೆ ಮಾತ್ರ. ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಅವರು ಬಹುಮಾಧ್ಯಮ ಕಲಿಕೆಯ ಬಗ್ಗೆ ಹೇಳುವ ಮಾತುಗಳಲ್ಲಿ ತರಗತಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ: ವಿಷಯವನ್ನು ಕಲಿಯುವವರ ವೇಗಕ್ಕೆ ತಕ್ಕ ತುಣುಕುಗಳಾಗಿ ಕೊಡುವುದು. ಆದ್ದರಿಂದ ನೇಯ್ಗೆಯ ಮೂರು ನಿಮಿಷ ತೋರಿಸುವುದಾದರೆ ತೋರಿಸಿ, ಆದರೆ ನಿಲ್ಲುವ ಜಾಗಗಳನ್ನು ಮೊದಲೇ ಗೊತ್ತುಮಾಡಿಟ್ಟುಕೊಳ್ಳಿ. ಮೊದಲ ಸಲ ತಡೆಯದೆ ಪೂರ್ತಿ, ಎರಡನೇ ಸಲ ನಿಲ್ಲಿಸಿ ನಿಲ್ಲಿಸಿ. ಇದು ಕುಣಿತಕ್ಕೂ ಒಗ್ಗುತ್ತದೆ.

ಜೊತೆಗೆ ವಿಡಿಯೊದಲ್ಲಿರುವ ಇಂಗ್ಲಿಷ್ ನಿರೂಪಣೆಯನ್ನು ಅಡಗಿಸಿ ನೀವೇ ಕನ್ನಡದಲ್ಲಿ ಹೇಳಿ. ಕನ್ನಡ ಮಾಧ್ಯಮದ ಮಗು ಇಂಗ್ಲಿಷ್ ಕೇಳಿ, ಕೆಳಗಿನ ಅಕ್ಷರ ಓದಿ, ಚಿತ್ರವನ್ನೂ ನೋಡಬೇಕೆಂದರೆ ಚಿತ್ರಕ್ಕೆ ಉಳಿಯುವುದು ಅರೆಗಣ್ಣು. ನೀವು ಹೇಳಿದರೆ "ಈಗ ತುದಿ ನೋಡಿ, ತುದಿ" ಎಂದು ಒಂದು ಸೆಕೆಂಡು ಮೊದಲೇ ಎಚ್ಚರಿಸಬಹುದು. ಧ್ವನಿಮುದ್ರಿತ ನಿರೂಪಣೆ ಆ ತರಗತಿಯ ಮುಖಗಳನ್ನು ನೋಡಿಲ್ಲ.

ಗುಂಡಿ ಒತ್ತುವವ

ರಿಮೋಟಿನ ಪ್ರಶ್ನೆಗೆ ಬರುತ್ತೇನೆ. ಇದರಲ್ಲಿ ಎಡವುವವರೇ ಹೆಚ್ಚು.

ಪವರ್‌ಪಾಯಿಂಟ್ 2016ರಲ್ಲಿ ಪ್ಲೇಬ್ಯಾಕ್ ಟ್ಯಾಬಿನ ಸ್ಟಾರ್ಟ್ ಎಂಬಲ್ಲಿ ಆನ್ ಕ್ಲಿಕ್ ಎಂದಿರುತ್ತದೆ. ಅದರ ಅರ್ಥ ವಿಡಿಯೊದ ಮೇಲೆಯೇ ಮೌಸ್ ಒತ್ತಬೇಕು ಎಂದು. ರಿಮೋಟ್ ಒತ್ತಿದರೆ ವಿಡಿಯೊ ಓಡದೆ ಮುಂದಿನ ಸ್ಲೈಡಿಗೆ ಹಾರುತ್ತದೆ. ಮೈಕ್ರೋಸಾಫ್ಟ್ 365ರಲ್ಲಿ ಇನ್ ಕ್ಲಿಕ್ ಸೀಕ್ವೆನ್ಸ್ ಎಂಬ ಆಯ್ಕೆ ಇದೆ, ಅದು ರಿಮೋಟಿಗೆ ಓಗೊಡುತ್ತದೆ. 2016ರವರು ಹೀಗೆ ಮಾಡಿ: ಸ್ಟಾರ್ಟ್ ಅನ್ನು ಆಟೊಮ್ಯಾಟಿಕಲಿ ಎಂದು ಬದಲಿಸಿ. ಅನಿಮೇಶನ್ಸ್ ಟ್ಯಾಬಿನಲ್ಲಿ ಅನಿಮೇಶನ್ ಪೇನ್ ತೆರೆಯಿರಿ. ವಿಡಿಯೊದ ಹೆಸರಿನ ಮುಂದೆ ಸಣ್ಣ ತ್ರಿಕೋನ ಇರುವ ಸಾಲು ಕಾಣುತ್ತದೆ, ಅದರ ಬಾಣ ಒತ್ತಿ ಸ್ಟಾರ್ಟ್ ಆನ್ ಕ್ಲಿಕ್ ಆರಿಸಿ. ಈಗ ರಿಮೋಟಿನ ಮೊದಲ ಒತ್ತಿಗೆ ವಿಡಿಯೊ, ಎರಡನೇ ಒತ್ತಿಗೆ ಮುಂದಿನ ಸ್ಲೈಡ್.

ಆದರೆ ಮೇಲೆ ಹೇಳಿದ ಮೂರು ಸ್ಲೈಡಿನ ಕ್ರಮದಲ್ಲಿ ಆಟೊಮ್ಯಾಟಿಕಲಿ ಎಂದೇ ಬಿಡುವುದು ಇನ್ನೂ ಭದ್ರ. ಸ್ಥಿರಚಿತ್ರದ ಸ್ಲೈಡಿನಿಂದ ರಿಮೋಟ್ ಒತ್ತಿದ ತಕ್ಷಣ ವಿಡಿಯೊ ಸ್ಲೈಡ್ ಬಂದು ತಾನಾಗಿ ಓಡುತ್ತದೆ. ಆ ಸ್ಲೈಡಿಗೆ ಟ್ರಾನ್ಸಿಶನ್ ಹಾಕಬೇಡಿ. ಓಡುತ್ತಿರುವಾಗ ರಿಮೋಟ್ ಮುಟ್ಟಬೇಡಿ, ಮುಟ್ಟಿದರೆ ಮುಂದಿನ ಸ್ಲೈಡಿಗೆ ಹೋಗಿ ವಿಡಿಯೊ ನಿಂತುಹೋಗುತ್ತದೆ. ಕೀಲಿಮಣೆಯಲ್ಲಿ ಆಲ್ಟ್ ಮತ್ತು ಪಿ ಒತ್ತಿದರೆ ನಿಲ್ಲುವುದು, ಮತ್ತೆ ಒತ್ತಿದರೆ ಓಡುವುದು. ಆಲ್ಟ್ ಮತ್ತು ಯು ಧ್ವನಿ ಅಡಗಿಸುತ್ತದೆ. ಬಿ ಒತ್ತಿದರೆ ಪರದೆ ಕಪ್ಪು, ಮತ್ತೆ ಬಿ ಒತ್ತಿದರೆ ವಾಪಸು.

ಈಗ ಹೆಸರು ಬರಿಸುವುದು. ಇದಕ್ಕೆ ಬುಕ್‌ಮಾರ್ಕ್ ಎಂಬ ಸೌಲಭ್ಯ ಇದೆ, ಬಹಳ ಜನ ಅದನ್ನು ಮುಟ್ಟುವುದೇ ಇಲ್ಲ. ವಿಡಿಯೊ ಓಡಿಸಿ, ಜ್ವಾಲೆ ಹೊತ್ತಿದ ಚೌಕಟ್ಟಿನಲ್ಲಿ ನಿಲ್ಲಿಸಿ, ಪ್ಲೇಬ್ಯಾಕ್ ಟ್ಯಾಬಿನಲ್ಲಿ ಆಡ್ ಬುಕ್‌ಮಾರ್ಕ್ ಒತ್ತಿ. ಸಮಯದ ಗೆರೆಯ ಮೇಲೆ ಸಣ್ಣ ಚುಕ್ಕೆ ಬೀಳುತ್ತದೆ. ಈಗ ವಿಡಿಯೊ ಮೇಲೆ ಒಂದು ಪಠ್ಯಪೆಟ್ಟಿಗೆ ಇಟ್ಟು "ಕೋರೈಸುವ ಬಿಳಿ ಜ್ವಾಲೆ" ಎಂದು ಬರೆಯಿರಿ. ಅದಕ್ಕೆ ಅಪಿಯರ್ ಅನಿಮೇಶನ್ ಕೊಟ್ಟು, ಟ್ರಿಗರ್, ಆನ್ ಬುಕ್‌ಮಾರ್ಕ್, ಬುಕ್‌ಮಾರ್ಕ್ 1 ಎಂದು ಆರಿಸಿ. ವಿಡಿಯೊ ಆ ಕ್ಷಣಕ್ಕೆ ಬಂದಾಗ ಹೆಸರು ತಾನಾಗಿ ಮೂಡುತ್ತದೆ. ಪುಡಿ ಉದುರುವ ಕಡೆ ಎರಡನೇ ಬುಕ್‌ಮಾರ್ಕ್: ಮೊದಲ ಹೆಸರಿಗೆ ಡಿಸಪಿಯರ್, ಹೊಸದಾಗಿ "ಬಿಳಿ ಪುಡಿ: ಮೆಗ್ನೀಷಿಯಂ ಆಕ್ಸೈಡ್".

ನಿಲ್ಲುವ ಜಾಗ ಗೊತ್ತುಮಾಡುವುದೂ ಇದರಿಂದಲೇ ಆಗುತ್ತದೆ. ವಿಡಿಯೊವನ್ನೇ ಆರಿಸಿ ಆಡ್ ಅನಿಮೇಶನ್‌ನಲ್ಲಿ ಪಾಸ್ (ತಡೆದು ನಿಲ್ಲಿಸುವುದು) ಕೊಟ್ಟು, ಅದರ ಟ್ರಿಗರನ್ನು ಬುಕ್‌ಮಾರ್ಕ್‌ಗೆ ಕಟ್ಟಿ. ಆ ಚೌಕಟ್ಟಿಗೆ ಬಂದ ಕೂಡಲೇ ವಿಡಿಯೊ ತಾನೇ ನಿಲ್ಲುತ್ತದೆ, ನೀವು ಕೀಲಿಮಣೆಯತ್ತ ಓಡಬೇಕಾಗಿಲ್ಲ. ಮುಂದುವರಿಸಲು ವಿಡಿಯೊ ಮೇಲೆ ಮೌಸ್ ಒತ್ತಿದರೆ ಆಯಿತು.

ಮೂರು ಎಚ್ಚರ. ಪ್ಲೇ ಫುಲ್ ಸ್ಕ್ರೀನ್ ಗುರುತು ಹಾಕಿದರೆ ವಿಡಿಯೊ ಒಂದೇ ಕಾಣುತ್ತದೆ, ಮೇಲಿಟ್ಟ ಹೆಸರುಗಳು ಮಾಯ. ಬದಲಿಗೆ ವಿಡಿಯೊವನ್ನೇ ಸ್ಲೈಡಿನಷ್ಟು ದೊಡ್ಡದು ಮಾಡಿ. ಯೂಟ್ಯೂಬಿನಿಂದ ಆನ್‌ಲೈನ್ ವಿಡಿಯೊ ಎಂದು ಸೇರಿಸಿದ್ದಕ್ಕೆ ಬುಕ್‌ಮಾರ್ಕ್, ಟ್ರಿಮ್ ಎರಡೂ ನಡೆಯುವುದಿಲ್ಲ, ಇಂಟರ್ನೆಟ್ ಬೇರೆ ಬೇಕು. ಮತ್ತೆ, ಹೆಸರುಗಳನ್ನು ಪರದೆಯ ಮೇಲಿನ ಮೂರನೇ ಒಂದು ಭಾಗದಲ್ಲಿ ಇಡಿ. ತರಗತಿಯಲ್ಲಿ ಪರದೆಯ ಕೆಳಭಾಗಕ್ಕೆ ಮುಂದಿನ ಸಾಲಿನ ತಲೆಗಳು ಅಡ್ಡ ಬರುತ್ತವೆ.

ಒತ್ತಕ್ಷರ

ಕನ್ನಡ ಪಠ್ಯದ ಬಗ್ಗೆ ಸೇರಿಸುತ್ತೇನೆ. ಬುಕ್‌ಮಾರ್ಕ್ ದಾರಿ ಒಳ್ಳೆಯದು, ಯಾಕೆಂದರೆ ಅಕ್ಷರದ ಗಾತ್ರ, ಬಣ್ಣ, ಜಾಗ ಎಲ್ಲ ನಿಮ್ಮ ಕೈಯಲ್ಲಿರುತ್ತದೆ. 28 ಪಾಯಿಂಟಿಗಿಂತ ಕೆಳಗೆ ಇಳಿಸಬೇಡಿ. ಕಪ್ಪು ಹಿನ್ನೆಲೆಯ ಪಟ್ಟಿಯ ಮೇಲೆ ಬಿಳಿ ಅಕ್ಷರ. ಮೆಗ್ನೀಷಿಯಂ ಜ್ವಾಲೆಯ ಮೇಲೆ ಬಿಳಿ ಅಕ್ಷರ ಪಟ್ಟಿಯಿಲ್ಲದೆ ಕರಗಿಹೋಗುತ್ತದೆ. ಎರಡು ಸಾಲು ಬಂದರೆ ಸಾಲಂತರವನ್ನು 1.2ಕ್ಕಾದರೂ ಏರಿಸಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. "ಆಕ್ಸೈಡ್" ಎಂಬ ಪದದ ಕೆಳಗೆ "ಇಟ್ಟಿಗೆ" ಇಟ್ಟು ನೋಡಿದರೆ ತಕ್ಷಣ ಗೊತ್ತಾಗುತ್ತದೆ.

ಹಳೆಯ ನುಡಿ, ಬರಹದ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯ ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗುತ್ತದೆ. ಯುನಿಕೋಡಿಗೆ ಪರಿವರ್ತಿಸಿಯೇ ಬಳಸಿ. ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ ಫಾಂಟ್ ಎಲ್ಲ ಗಣಕದಲ್ಲೂ ಇರುತ್ತದೆ, ಬೇರೆಯವರ ಲ್ಯಾಪ್‌ಟಾಪಿಗೆ ಹೋಗುವ ಸ್ಲೈಡಿಗೆ ಅದೇ ಸುರಕ್ಷಿತ.

ಮಾತು ತುಂಬಿರುವ ವಿಡಿಯೊಗೆ ಪೂರ್ಣ ಶೀರ್ಷಿಕೆ (ಮಾತನ್ನು ಪರದೆಯ ಮೇಲೆ ತೋರಿಸುವ ಸಬ್‌ಟೈಟಲ್) ಬೇಕಾದರೆ ಪವರ್‌ಪಾಯಿಂಟ್ 2019 ಅಥವಾ 365ರಲ್ಲಿ ಇನ್ಸರ್ಟ್ ಕ್ಯಾಪ್ಶನ್ಸ್ ಇದೆ. ಅದಕ್ಕೆ ವಿಟಿಟಿ ಕಡತ (ಸಮಯದ ಸಮೇತ ಶೀರ್ಷಿಕೆ ಬರೆದ ಪಠ್ಯ) ಬೇಕು. ನೋಟ್‌ಪ್ಯಾಡಿನಲ್ಲೇ ಬರೆಯಬಹುದು. ಮೊದಲ ಸಾಲಿನಲ್ಲಿ ವೆಬ್‌ವಿಟಿಟಿ ಎಂದು ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ, ಆಮೇಲೆ ಒಂದು ಖಾಲಿ ಸಾಲು, ಆಮೇಲೆ ಸಮಯದ ಸಾಲು, ಅದರ ಕೆಳಗೆ ಕನ್ನಡ ಪಠ್ಯ, ಮತ್ತೆ ಖಾಲಿ ಸಾಲು. ಸಮಯದ ಸಾಲು ಹೀಗೆ:

00:00:04.000 --> 00:00:07.500

ಸೆಕೆಂಡಿನ ನಂತರ ಚುಕ್ಕೆ ಇರಬೇಕು. ಎಸ್‌ಆರ್‌ಟಿ ಎಂಬ ಇನ್ನೊಂದು ಬಗೆಯ ಶೀರ್ಷಿಕೆ ಕಡತಗಳಲ್ಲಿ ಅಲ್ಪವಿರಾಮ ಇರುತ್ತದೆ, ಹೆಸರು ಮಾತ್ರ ಬದಲಿಸಿದರೆ ಪವರ್‌ಪಾಯಿಂಟ್ ಒಪ್ಪುವುದಿಲ್ಲ. ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8, ಕಡತದ ಬಗೆ ಆಲ್ ಫೈಲ್ಸ್. ಇಲ್ಲದಿದ್ದರೆ ಹೆಸರಿನ ಕೊನೆಗೆ ಟಿಎಕ್ಸ್‌ಟಿ ಅಂಟಿಕೊಳ್ಳುತ್ತದೆ. ಶೀರ್ಷಿಕೆ ಸೇರಿಸಿದ ಮೇಲೆ ಕಂಪ್ರೆಸ್ ಮೀಡಿಯಾ ಒತ್ತಬೇಡಿ, ಶೀರ್ಷಿಕೆ ಅಳಿಸಿಹೋಗಬಹುದು. ಮೊದಲು ಇಳಿಸಿ, ಆಮೇಲೆ ಶೀರ್ಷಿಕೆ.

ಧ್ವನಿಪೆಟ್ಟಿಗೆ

ನಿಮ್ಮ ವಿಡಿಯೊಗೆ ಧ್ವನಿ ಬೇಕಿಲ್ಲದಿರಬಹುದು, ಆದರೆ ಸಭಾಂಗಣದಲ್ಲಿ ಮಾತಿರುವ ವಿಡಿಯೊ ಹಾಕುವವರು ಇದನ್ನು ಓದಿ.

ವಿಜಿಎ ತಂತಿಯಲ್ಲಿ ಧ್ವನಿ ಹೋಗುವುದೇ ಇಲ್ಲ, ಬೇರೆ ಆಡಿಯೊ ತಂತಿ ಬೇಕು. ಎಚ್‌ಡಿಎಂಐ ಹಾಕಿದರೆ ವಿಂಡೋಸ್ ಧ್ವನಿಯನ್ನು ಪ್ರೊಜೆಕ್ಟರಿಗೆ ಕಳಿಸಿಬಿಡುತ್ತದೆ. ಪ್ರೊಜೆಕ್ಟರಿನ ಸ್ಪೀಕರು ಸಣ್ಣದು, ಎಷ್ಟೋ ಸಲ ಮುಚ್ಚಿಟ್ಟಿರುತ್ತಾರೆ, "ಧ್ವನಿ ಬರ್ತಿಲ್ಲ" ಎಂಬ ಗದ್ದಲ ಶುರು. ಗಡಿಯಾರದ ಪಕ್ಕದ ಸ್ಪೀಕರ್ ಚಿಹ್ನೆ ಒತ್ತಿ, ಯಾವ ಸಾಧನಕ್ಕೆ ಹೋಗುತ್ತಿದೆ ನೋಡಿ, ಹೆಡ್‌ಫೋನ್ ಸಾಕೆಟ್ಟಿಗೆ ಬದಲಿಸಿ. ಎಚ್‌ಡಿಎಂಐ ತೆಗೆದು ಮತ್ತೆ ಹಾಕಿದಾಗಲೆಲ್ಲ ಇದನ್ನು ಮತ್ತೊಮ್ಮೆ ನೋಡಬೇಕು.

ಮೈಕ್ ಸೆಟ್ಟಿಗೆ ಜೋಡಿಸುವಾಗ ಆಗುವ ಒಂದು ವಿಚಿತ್ರ ತೊಂದರೆ ಇದೆ: ಹಿನ್ನೆಲೆ ಸಂಗೀತ ಕೇಳುತ್ತದೆ, ಮಾತು ಮಾತ್ರ ಕೇಳುವುದಿಲ್ಲ. ಜನ ವಿಡಿಯೊ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕಾರಣ ತಂತಿ. ಲ್ಯಾಪ್‌ಟಾಪಿನ ಸ್ಟೀರಿಯೊ ಪಿನ್ನನ್ನು ಮಿಕ್ಸರಿನ ಬ್ಯಾಲೆನ್ಸ್ಡ್ ಮಾನೊ ಸಾಕೆಟ್ಟಿಗೆ ನೇರ ಚುಚ್ಚಿದರೆ ಮಿಕ್ಸರ್ ಎಡ ಧ್ವನಿಯಿಂದ ಬಲ ಧ್ವನಿಯನ್ನು ಕಳೆದುಬಿಡುತ್ತದೆ. ಎರಡರಲ್ಲೂ ಒಂದೇ ರೀತಿ ಇರುವುದು ಮಾತು, ಅದು ಸೊನ್ನೆಯಾಗುತ್ತದೆ. ಎರಡರಲ್ಲೂ ಬೇರೆ ಬೇರೆಯಾಗಿರುವ ಸಂಗೀತದ ಪಾಲು ಉಳಿಯುತ್ತದೆ. ಪರಿಹಾರ: 3.5 ಮಿ.ಮೀ. ಸ್ಟೀರಿಯೊದಿಂದ ಎರಡು 6.35 ಮಿ.ಮೀ. ಮಾನೊ ಪಿನ್ನುಗಳಾಗಿ ಒಡೆಯುವ ತಂತಿ. ಎರಡನ್ನೂ ಎರಡು ಚಾನೆಲ್ಲಿಗೆ ಹಾಕಿ. ಚಾನೆಲ್ ಒಂದೇ ಖಾಲಿಯಿದ್ದರೆ ಒಂದು ಪಿನ್ ಮಾತ್ರ ಹಾಕಿದರೂ ಮಾತು ಕೇಳುತ್ತದೆ.

ಗುಂಯ್ ಎನ್ನುವ ಸದ್ದು ಬಂದರೆ ಚಾರ್ಜರ್ ತೆಗೆದು ನೋಡಿ. ನಿಂತರೆ ಅದು ಅರ್ತಿಂಗಿನ ತೊಂದರೆ. ಆ ಹತ್ತು ನಿಮಿಷ ಬ್ಯಾಟರಿಯಲ್ಲೇ ನಡೆಸಿ, ಕಾಯಂ ಪರಿಹಾರಕ್ಕೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ಲ್ಯಾಪ್‌ಟಾಪಿನಲ್ಲಿ ಧ್ವನಿಯನ್ನು ಮುಕ್ಕಾಲು ಭಾಗ ಇಟ್ಟು, ಉಳಿದದ್ದನ್ನು ಮಿಕ್ಸರಿನಲ್ಲಿ ಏರಿಸಿ ಇಳಿಸಿ.

ಒಂಬತ್ತು ಹತ್ತರ ವಿಜ್ಞಾನ

ಹ್ಯಾಂಡ್‌ಬ್ರೇಕಿನಲ್ಲಿ 25 ಸೆಕೆಂಡು, 5 ಎಂಬಿಗೆ ಇಳಿಯಿತು. ಬುಕ್‌ಮಾರ್ಕಿನ ಹೆಸರುಗಳೂ ಸರಿಯಾಗಿ ಮೂಡುತ್ತಿವೆ. ಉಳಿದದ್ದು ಒಂದು: ಲ್ಯಾಪ್‌ಟಾಪ್ ಪರದೆಯಲ್ಲಿ ವಿಡಿಯೊ ಓಡುತ್ತದೆ, ಪ್ರೊಜೆಕ್ಟರಿನಲ್ಲಿ ಆ ಜಾಗ ಕಪ್ಪು. ಸ್ಲೈಡಿನ ಉಳಿದ ಭಾಗ ಕಾಣುತ್ತದೆ.

ಕಡತಕಟ್ಟು

ಗ್ರಾಫಿಕ್ಸ್ ಡ್ರೈವರಿನ ತಕರಾರು. ಮೊದಲು ವಿಂಡೋಸ್ ಮತ್ತು ಪಿ ಒತ್ತಿ ಡುಪ್ಲಿಕೇಟ್‌ಗೆ ಬದಲಿಸಿ ನೋಡಿ. ಓಡಿದರೆ ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು, ಆದರೆ ಪ್ರೆಸೆಂಟರ್ ವ್ಯೂ (ಟಿಪ್ಪಣಿ ನಿಮಗೆ ಮಾತ್ರ ಕಾಣುವ ನೋಟ) ಸಿಗುವುದಿಲ್ಲ. ಅದೂ ಬೇಕಾದರೆ ಫೈಲ್, ಆಪ್ಶನ್ಸ್, ಅಡ್ವಾನ್ಸ್ಡ್, ಡಿಸ್‌ಪ್ಲೇ ಎಂಬ ಭಾಗದಲ್ಲಿ ಸ್ಲೈಡ್ ಶೋ ಹಾರ್ಡ್‌ವೇರ್ ಗ್ರಾಫಿಕ್ಸ್ ಆಕ್ಸಲರೇಶನ್ ನಿಷ್ಕ್ರಿಯ ಮಾಡುವ ಗುರುತು ಹಾಕಿ, ಪವರ್‌ಪಾಯಿಂಟ್ ಮುಚ್ಚಿ ಮತ್ತೆ ತೆರೆಯಿರಿ. ಡ್ರೈವರ್ ನವೀಕರಿಸಿದ ಮೇಲೆ ಗುರುತು ತೆಗೆಯಬಹುದು.

ಇನ್ನೂ ಮೂರು ಕಡೆ ವಿಡಿಯೊ ತಡವರಿಸುತ್ತದೆ. ಪೆನ್‌ಡ್ರೈವಿನಿಂದಲೇ ತೆರೆದರೆ ಓಡುವುದು ತುಂಡು ತುಂಡಾಗುತ್ತದೆ, ಡೆಸ್ಕ್‌ಟಾಪಿಗೆ ನಕಲಿಸಿ. ಇಮೇಲಿನಿಂದ ತೆರೆದಾಗ ಮೇಲೆ ಹಳದಿ ಪಟ್ಟಿ ಬರುತ್ತದೆ, ಎನೇಬಲ್ ಎಡಿಟಿಂಗ್ ಒತ್ತದೆ ಪ್ರದರ್ಶನ ಶುರುಮಾಡಬೇಡಿ. ಸಿ ಡ್ರೈವಿನಲ್ಲಿ ಜಾಗ ಇಲ್ಲದಿದ್ದರೂ ವಿಡಿಯೊ ಓಡುವುದಿಲ್ಲ, ಯಾಕೆಂದರೆ ಪವರ್‌ಪಾಯಿಂಟ್ ಅದನ್ನು ತಾತ್ಕಾಲಿಕ ಫೋಲ್ಡರಿಗೆ ಬಿಚ್ಚಿಕೊಂಡು ಓಡಿಸುತ್ತದೆ.

ಸಹೋದ್ಯೋಗಿಗಳಿಗೆ ವಾಟ್ಸ್‌ಆಪಿನಲ್ಲಿ ವಿಡಿಯೊ ಕಳಿಸುವುದಾದರೆ ಗ್ಯಾಲರಿಯಿಂದ ಬೇಡ, ಡಾಕ್ಯುಮೆಂಟ್ ಎಂದು ಕಳಿಸಿ. ಗ್ಯಾಲರಿಯಿಂದ ಹೋದದ್ದು ಹಿಂಡಿ ಹಿಪ್ಪೆಯಾಗಿ ತಲುಪುತ್ತದೆ.

ಉಬುಂಟು ಶಾಲೆ

ಉಬುಂಟು ಇರುವ ಶಾಲೆಗಳಿಗೆ: ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲಿ ಇನ್ಸರ್ಟ್, ಆಡಿಯೊ ಆರ್ ವಿಡಿಯೊ. ತೆರೆಯುವ ಕಿಟಕಿಯಲ್ಲಿ ಲಿಂಕ್ ಎಂಬ ಗುರುತು ಇದ್ದರೆ ತೆಗೆಯಿರಿ. ಕಪ್ಪು ಕಂಡರೆ ವಿಡಿಯೊ ಓಡಿಸುವ ಜಿಸ್ಟ್ರೀಮರ್ ಪ್ಲಗಿನ್‌ಗಳು ಇಲ್ಲವೆಂದು ಅರ್ಥ, ಉಬುಂಟು ರಿಸ್ಟ್ರಿಕ್ಟೆಡ್ ಎಕ್ಸ್‌ಟ್ರಾಸ್ ಹಾಕಿಕೊಂಡರೆ ಎಂಪಿ4 ಓಡುತ್ತದೆ. ಇಂಪ್ರೆಸ್‌ನಲ್ಲಿ ಬುಕ್‌ಮಾರ್ಕ್ ಇಲ್ಲ. ಹೆಸರು ಬೇಕಿದ್ದರೆ ಕೆಡಿಎನ್‌ಲೈವ್ ಅಥವಾ ಓಪನ್‌ಶಾಟ್‌ನಲ್ಲಿ ವಿಡಿಯೊದೊಳಗೇ ಅಚ್ಚುಹಾಕಿ ತರಬೇಕು.

ಗೂಗಲ್ ಸ್ಲೈಡ್ಸ್ ಬಳಸುವವರಿಗೆ: ವಿಡಿಯೊ ಯೂಟ್ಯೂಬಿನಲ್ಲಿ ಅಥವಾ ಡ್ರೈವಿನಲ್ಲಿ ಇರಬೇಕು, ನೆಟ್ ಇರಲೇಬೇಕು. ಫಾರ್ಮ್ಯಾಟ್ ಆಪ್ಶನ್ಸ್‌ನಲ್ಲಿ ಶುರು ಮತ್ತು ಕೊನೆಯ ಸಮಯ ಕೊಡಬಹುದು, ಅದು ಅನುಕೂಲ. ಡ್ರೈವಿನ ವಿಡಿಯೊಗೆ ನೋಡುವ ಅನುಮತಿ ಪ್ರತ್ಯೇಕವಾಗಿ ಕೊಡಬೇಕು, ಸ್ಲೈಡ್ ಹಂಚಿಕೊಂಡರೆ ವಿಡಿಯೊ ಹಂಚಿದಂತಾಗುವುದಿಲ್ಲ.

ಜೂಮ್‌ನಲ್ಲಿ ಪಾಠವಾದರೆ ಪರದೆ ಹಂಚುವಾಗ ಶೇರ್ ಸೌಂಡ್ ಮತ್ತು ಆಪ್ಟಿಮೈಸ್ ಫಾರ್ ವಿಡಿಯೊ ಕ್ಲಿಪ್ ಎರಡಕ್ಕೂ ಗುರುತು ಹಾಕಿ. ವಿಡಿಯೊ ಮುಗಿದ ಮೇಲೆ ಎರಡನೆಯದನ್ನು ತೆಗೆಯಿರಿ, ಅದು ಇದ್ದರೆ ಅಕ್ಷರಗಳು ಮಸುಕಾಗುತ್ತವೆ. ಗೂಗಲ್ ಮೀಟ್‌ನಲ್ಲಿ ವಿಡಿಯೊವನ್ನು ಕ್ರೋಮ್ ಟ್ಯಾಬಿನಲ್ಲಿ ತೆರೆದು ಆ ಟ್ಯಾಬನ್ನೇ ಧ್ವನಿಯ ಸಮೇತ ಹಂಚಿ.

ಕಥನಕ್ರಮ

ಬೇರೆಯವರ ವಿಡಿಯೊ ಕತ್ತರಿಸಿ ಬಳಸುವುದು ಕಾನೂನಿಗೆ ಒಪ್ಪುತ್ತದೆಯೇ?

ಒತ್ತಕ್ಷರ

1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಐ) ಶಿಕ್ಷಕರೂ ವಿದ್ಯಾರ್ಥಿಗಳೂ ಬೋಧನೆಯ ಭಾಗವಾಗಿ ಕೃತಿಯನ್ನು ಬಳಸುವುದಕ್ಕೆ ವಿನಾಯಿತಿ ಕೊಡುತ್ತದೆ. ಅದೇ ಪಿಪಿಟಿಯನ್ನು ಆಮೇಲೆ ಎಲ್ಲರಿಗೂ ಸಿಗುವಂತೆ ಜಾಲತಾಣಕ್ಕೆ ಏರಿಸಿದರೆ ಆ ಮಾತು ಬೇರೆ. ಯೂಟ್ಯೂಬಿನ ಸ್ವಂತ ನಿಯಮಗಳು ಡೌನ್‌ಲೋಡ್ ಗುಂಡಿ ಇಲ್ಲದ ಕಡೆ ಇಳಿಸಿಕೊಳ್ಳುವುದನ್ನು ಒಪ್ಪುವುದಿಲ್ಲ. ನಿಶ್ಚಿಂತೆ ಬೇಕಿದ್ದರೆ ಯೂಟ್ಯೂಬ್ ಹುಡುಕಾಟದ ಫಿಲ್ಟರಿನಲ್ಲಿ ಕ್ರಿಯೇಟಿವ್ ಕಾಮನ್ಸ್ ಆರಿಸಿ, ಅಥವಾ ವಿಕಿಮೀಡಿಯ ಕಾಮನ್ಸ್ ನೋಡಿ. ಕಾಮನ್ಸ್ ವಿಡಿಯೊಗಳು ಹೆಚ್ಚಾಗಿ ವೆಬ್‌ಎಂ ಬಗೆಯವು, ಹ್ಯಾಂಡ್‌ಬ್ರೇಕಿನಲ್ಲಿ ಎಂಪಿ4 ಮಾಡಿಕೊಳ್ಳಿ, ಸ್ಲೈಡಿನ ಮೂಲೆಯಲ್ಲಿ ತೆಗೆದವರ ಹೆಸರು ಮತ್ತು ಪರವಾನಗಿ ಬರೆಯಿರಿ.

ಪರದೆಮುಂದೆ

ಪ್ರಶ್ನೆ ಕೇಳಿದವರು ಸ್ವಂತ ವಿಡಿಯೊ ಬಳಸುತ್ತಿರುವುದರಿಂದ ಆ ಗೊಡವೆಯೇ ಇಲ್ಲ. ಮತ್ತೊಮ್ಮೆ ಚಿತ್ರೀಕರಿಸುವ ಅವಕಾಶ ಇದ್ದರೆ ಎರಡು ವಿಷಯ ಗಮನದಲ್ಲಿರಲಿ.

ಒಂದು, ಬೆಳಕು. ಪಟ್ಟಿ ಹೊತ್ತಿದ ಕೂಡಲೇ ಫೋನ್ ತಾನಾಗಿ ಇಡೀ ಚಿತ್ರವನ್ನು ಕತ್ತಲು ಮಾಡುತ್ತದೆ, ಜ್ವಾಲೆ ಆರಿದ ಮೇಲೆ ಮತ್ತೆ ಬೆಳಗಿಸಲು ಒಂದೆರಡು ಸೆಕೆಂಡು ತೆಗೆದುಕೊಳ್ಳುತ್ತದೆ. ಪುಡಿ ಉದುರುವುದು ಸರಿಯಾಗಿ ಆ ಸೆಕೆಂಡುಗಳಲ್ಲೇ. ಆದ್ದರಿಂದ ಇಕ್ಕಳದ ತುದಿಯ ಮೇಲೆ ಬೆರಳು ಒತ್ತಿ ಹಿಡಿದು ಎಕ್ಸ್‌ಪೋಶರ್ ಲಾಕ್ ಮಾಡಿ, ಸೂರ್ಯನ ಚಿಹ್ನೆಯನ್ನು ಸ್ವಲ್ಪ ಕೆಳಗೆ ಎಳೆಯಿರಿ. ಹಿಂದೆ ಕಪ್ಪು ಹಲಗೆ ಬರಲಿ, ವಾಚ್ ಗ್ಲಾಸಿನ ಕೆಳಗೆ ಕಪ್ಪು ಕಾಗದ ಹಾಸಿ. ಬಿಳಿ ಪುಡಿ ಬಿಳಿ ಟೈಲ್ಸ್ ಮೇಲೆ ಬಿದ್ದರೆ ಯಾವ ಪ್ರೊಜೆಕ್ಟರಿನಲ್ಲೂ ಕಾಣುವುದಿಲ್ಲ.

ಎರಡು, ಟ್ಯೂಬ್‌ಲೈಟ್. ನಮ್ಮ ವಿದ್ಯುತ್ 50 ಹರ್ಟ್ಸ್, ಚೋಕ್ ಇರುವ ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ಅದಕ್ಕೆ ಹೊಂದದಿದ್ದರೆ ಚಿತ್ರದ ಮೇಲೆ ಅಡ್ಡ ಪಟ್ಟೆಗಳು ಹರಿದಾಡುತ್ತವೆ. ಫೋನಿನ ಪ್ರೊ ಮೋಡಿನಲ್ಲಿ ಶಟರನ್ನು 1/50 ಅಥವಾ 1/100ಕ್ಕೆ ಇಡಿ. ನಿಧಾನಗತಿಯಲ್ಲಿ, ಅಂದರೆ 120 ಅಥವಾ 240 ಚೌಕಟ್ಟಿನಲ್ಲಿ ತೆಗೆಯುವುದಾದರೆ ಆ ಉಪಾಯ ನಡೆಯುವುದಿಲ್ಲ. ಟ್ಯೂಬ್ ಆರಿಸಿ, ಕಿಟಕಿಯ ಪಕ್ಕದ ಮೇಜಿನ ಮೇಲೆ ಹಗಲು ಬೆಳಕಿನಲ್ಲಿ ತೆಗೆಯಿರಿ. ಗಾಳಿಗೆ ದೀಪ ಅಲ್ಲಾಡದಂತೆ ಫ್ಯಾನ್ ನಿಲ್ಲಿಸಿ, ಫೋನನ್ನು ಒಂದು ಕೈ ದೂರದಲ್ಲಿ ಅಡ್ಡವಾಗಿ ನಿಲ್ಲಿಸಿ, ಜೂಮ್ 2ಎಕ್ಸ್ ಇಡಿ.